ಒಂದೇ ಟಿಕೆಟ್‌ಗೆ ಮೂರು ದೈತ್ಯರು

ಕೇಳುಗರೆಲ್ಲರಿಗೂ ನಮಸ್ಕಾರ.

ರಕ್ತ ಹೀರುವ ಡ್ರಾಕುಲಾ, ವಿಜ್ಞಾನಿ ಫ್ರಾಂಕೆನ್‌ಸ್ಟೈನ್ ಸೃಷ್ಟಿಸಿದ ದೈತ್ಯ, ತೋಳಮನುಷ್ಯ. ಮೂವರೂ ಒಂದೇ ಪೋಸ್ಟರ್‌ನಲ್ಲಿ ನಿಂತಿದ್ದರೆ ಒಳಗೆ ಹೋಗಿ ನೋಡೋಣ ಅಂತ ಯಾರಿಗೆ ತಾನೇ ಅನ್ನಿಸುವುದಿಲ್ಲ? ಕಡಿಮೆ ದುಡ್ಡಿನಲ್ಲಿ, ಅವಸರದಲ್ಲಿ ತಯಾರಾದ ಇಂಥ ಹಾರರ್ ಸಿನಿಮಾಗಳೆಂದರೆ ನನಗೆ ತುಂಬಾ ಇಷ್ಟ. ಇಷ್ಟವಿರುವುದರಿಂದಲೇ ಇವುಗಳ ಮೇಲೆ ಒಂದು ದೊಡ್ಡ ದೂರೂ ಇದೆ.

ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೋದಿಂದ ಶುರು ಮಾಡೋಣ. 1931ರಲ್ಲಿ ಅವರ ‘ಡ್ರಾಕುಲಾ’ ಗೆದ್ದಿತು, ‘ಫ್ರಾಂಕೆನ್‌ಸ್ಟೈನ್’ ಕೂಡ ಗೆದ್ದಿತು. 1941ರಲ್ಲಿ ‘ದಿ ವುಲ್ಫ್ ಮ್ಯಾನ್’ ಬಂತು. ಅಷ್ಟು ಹೊತ್ತಿಗೆ ಹಳೆಯ ದೈತ್ಯರ ಕಥೆಗಳನ್ನು ಎಳೆದು ಎಳೆದು ಹೊಸತನ ಉಳಿದಿರಲಿಲ್ಲ. ಹಾಗಾಗಿ 1943ರಲ್ಲಿ ಇಬ್ಬರನ್ನು ಎದುರುಬದುರು ನಿಲ್ಲಿಸಿದರು. ಆ ಸಿನಿಮಾ ‘ಫ್ರಾಂಕೆನ್‌ಸ್ಟೈನ್ ಮೀಟ್ಸ್ ದಿ ವುಲ್ಫ್ ಮ್ಯಾನ್’.

ಅದರ ಮೊದಲ ದೃಶ್ಯವನ್ನು ನಾನು ಎಷ್ಟು ಸಲ ನೋಡಿದರೂ ಮೈ ಜುಮ್ಮೆನ್ನುತ್ತದೆ. ರಾತ್ರಿ, ಗಾಳಿ, ಸ್ಮಶಾನ. ಇಬ್ಬರು ಕಳ್ಳರು ಟಾಲ್ಬಟ್ ಮನೆತನದ ಸಮಾಧಿಗೆ ನುಗ್ಗಿ ಪೆಟ್ಟಿಗೆ ತೆರೆಯುತ್ತಾರೆ. ಹೆಣದ ಮೇಲೆಲ್ಲ ಒಣಗಿದ ಗಿಡಮೂಲಿಕೆ. ಅದನ್ನು ಸರಿಸುತ್ತಾರೆ. ಬೆರಳಿನ ಉಂಗುರಕ್ಕೆ ಕೈ ಹಾಕುತ್ತಾರೆ. ಕಿಟಕಿಯಿಂದ ಹುಣ್ಣಿಮೆಯ ಬೆಳಕು ಬೀಳುತ್ತದೆ. ಸತ್ತವನ ಕೈ ಮೆಲ್ಲಗೆ ಎದ್ದು ಕಳ್ಳನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಇದಕ್ಕೆ ಎಷ್ಟು ಖರ್ಚಾಗಿರಬಹುದು ಹೇಳಿ? ಒಂದು ಸೆಟ್ಟು, ಒಂದು ಲಾಟೀನು, ಒಂದು ಕೈ. ಅಷ್ಟೇ.

ಎದ್ದು ಬಂದವನೇ ತೋಳಮನುಷ್ಯ. ಈ ಲ್ಯಾರಿ ಟಾಲ್ಬಟ್‌ಗೆ ಬದುಕುವ ಆಸೆಯೇ ಇಲ್ಲ. ಸಾಯುವ ದಾರಿ ಹುಡುಕುತ್ತಾ ಅವನು ಫ್ರಾಂಕೆನ್‌ಸ್ಟೈನ್‌ನ ಊರಿಗೆ ಬರುತ್ತಾನೆ. ಲಾನ್ ಚೇನಿ ಜೂನಿಯರ್ ಈ ಪಾತ್ರವನ್ನು ಎಷ್ಟು ಮನಸಿಟ್ಟು ಮಾಡಿದ್ದಾರೆಂದರೆ, ಮುಖದ ಮೇಲೆ ಕೂದಲು ಅಂಟಿಸಿದ್ದಾರೆ ಅನ್ನುವುದು ಮರೆತೇ ಹೋಗುತ್ತದೆ.

ಅದೇ ಸಿನಿಮಾದಲ್ಲಿ ದೈತ್ಯನ ಪಾತ್ರ ಮಾಡಿದ ಬೇಲಾ ಲುಗೋಸಿಗೆ ಮಾತ್ರ ಅನ್ಯಾಯವಾಯಿತು. ಹಿಂದಿನ ಕಥೆಯ ಕೊನೆಯಲ್ಲಿ ದೈತ್ಯನ ಕಣ್ಣು ಹೋಗಿತ್ತು. ಹಾಗಾಗಿ ಲುಗೋಸಿ ಕುರುಡನಂತೆ ಕೈ ಮುಂದೆ ಚಾಚಿ, ತಡವರಿಸುತ್ತಾ ನಡೆದರು. ಅವರಿಗೆ ಮಾತೂ ಇತ್ತು. ಬಿಡುಗಡೆಗೆ ಮೊದಲು ಅವರ ಮಾತನ್ನೆಲ್ಲ ಕತ್ತರಿಸಿದರು. ಕಣ್ಣು ಹೋದ ಸಂಗತಿಯೂ ಅದರ ಜೊತೆಗೇ ಹೋಯಿತು. ಉಳಿದದ್ದು ಯಾಕೆ ಅಂತ ತಿಳಿಯದ ಆ ಚಾಚಿದ ಕೈಗಳು. ಮಕ್ಕಳು ದೈತ್ಯನ ಆಟ ಆಡುವಾಗ ಕೈ ಚಾಚಿ ನಡೆಯುತ್ತಾರಲ್ವಾ, ಆ ನಡಿಗೆಯನ್ನು ಜಗತ್ತಿಗೆ ಕೊಟ್ಟವರು ಲುಗೋಸಿ.

ಮುಂದಿನ ವರ್ಷ, 1944ರಲ್ಲಿ, ‘ಹೌಸ್ ಆಫ್ ಫ್ರಾಂಕೆನ್‌ಸ್ಟೈನ್’ ಬಂತು. ಈಗ ಮೂವರೂ ಇದ್ದಾರೆ, ಜೊತೆಗೊಬ್ಬ ಹುಚ್ಚು ವಿಜ್ಞಾನಿ, ಒಬ್ಬ ಗೂನುಬೆನ್ನಿನ ಸಹಾಯಕ. ಮೊದಲು ದೈತ್ಯನಾಗಿದ್ದ ಬೋರಿಸ್ ಕಾರ್ಲಾಫ್ ಇಲ್ಲಿ ಆ ವಿಜ್ಞಾನಿ. ನನ್ನ ದೂರು ಇರುವುದು ಇಲ್ಲೇ. ಜಾನ್ ಕ್ಯಾರಡೈನ್‌ರ ಡ್ರಾಕುಲಾ ಅರ್ಧ ಸಿನಿಮಾ ಮುಗಿಯುವ ಮುಂಚೆಯೇ ಸೂರ್ಯನ ಬೆಳಕಿಗೆ ಸಿಕ್ಕಿ ಮೂಳೆಯಾಗಿ ಹೋಗುತ್ತಾನೆ. ತೋಳಮನುಷ್ಯ ಕಥೆಗೆ ಬರುವುದು ಅದಾದ ಮೇಲೆ. ದೈತ್ಯನಂತೂ ಕೊನೆಯವರೆಗೂ ಮಲಗಿಯೇ ಇರುತ್ತಾನೆ. ಪೋಸ್ಟರ್‌ನಲ್ಲಿ ಒಟ್ಟಿಗೆ ಇದ್ದವರು ತೆರೆಯ ಮೇಲೆ ಒಟ್ಟಿಗೆ ಸೇರುವುದೇ ಇಲ್ಲ!

1945ರ ‘ಹೌಸ್ ಆಫ್ ಡ್ರಾಕುಲಾ’ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸತ್ತ ಡ್ರಾಕುಲಾ, ತೋಳಮನುಷ್ಯ ಹೇಗೆ ವಾಪಸ್ ಬಂದರು ಅಂತ ಅದು ಹೇಳುವುದಿಲ್ಲ. ಕೊನೆಯ ಬೆಂಕಿಯಲ್ಲಿ 1942ರ ಹಳೆಯ ಸಿನಿಮಾದ ತುಣುಕುಗಳನ್ನೇ ಸೇರಿಸಿದ್ದಾರೆ.

ದುಡ್ಡಿರಲಿಲ್ಲ, ಏನು ಮಾಡುವುದು ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಹಳೆಯ ಸೆಟ್ಟು, ಹಳೆಯ ತುಣುಕು, ಇವಕ್ಕೆ ದುಡ್ಡಿನ ಕಾರಣ ಸರಿ. ಆದರೆ ಈ ದೈತ್ಯರಿಗೆ ಒಬ್ಬೊಬ್ಬರಿಗೂ ಅವರದೇ ಕಟ್ಟುಪಾಡು ಇದೆ. ಒಬ್ಬನಿಗೆ ಬಿಸಿಲು ಆಗದು. ಇನ್ನೊಬ್ಬ ಹುಣ್ಣಿಮೆಗೆ ಬದಲಾಗುತ್ತಾನೆ. ಮತ್ತೊಬ್ಬನಿಗೆ ಕರೆಂಟು ಬೇಕು. ಈ ಮೂರು ಕಟ್ಟುಪಾಡುಗಳು ಒಂದಕ್ಕೊಂದು ಡಿಕ್ಕಿ ಹೊಡೆದರೆ ಏನಾಗುತ್ತದೆ ಅಂತ ಯೋಚಿಸುವುದಕ್ಕೆ ಕಾಗದ, ಪೆನ್ನು ಸಾಕು.

ಇದನ್ನು ಮಾಡಿ ತೋರಿಸಿದ್ದು ಅಬಟ್, ಕಾಸ್ಟೆಲೋ ಅನ್ನುವ ಹಾಸ್ಯ ಜೋಡಿಯ 1948ರ ಸಿನಿಮಾ, ‘ಅಬಟ್ ಆ್ಯಂಡ್ ಕಾಸ್ಟೆಲೋ ಮೀಟ್ ಫ್ರಾಂಕೆನ್‌ಸ್ಟೈನ್’. ಅದಕ್ಕೆ ಖರ್ಚು ಸ್ವಲ್ಪ ಹೆಚ್ಚೇ ಆಗಿತ್ತು, ನಿಜ. ಆದರೆ ಗೆದ್ದದ್ದು ಬರವಣಿಗೆಯಿಂದ. ಡ್ರಾಕುಲಾಗೆ ದೈತ್ಯನ ತಲೆಯಲ್ಲಿ ಹೇಳಿದಂತೆ ಕೇಳುವ ಮೆದುಳು ಇಡಬೇಕು. ಅದನ್ನು ತಡೆಯಲು ಹೊರಟವನು ಟಾಲ್ಬಟ್. ಹುಣ್ಣಿಮೆ ಬಂದಾಗಲೆಲ್ಲ ಅವನ ಕೈಯೇ ಅವನ ಮಾತು ಕೇಳುವುದಿಲ್ಲ. ಕೊನೆಗೆ ಬಾವಲಿಯಾಗಿ ಹಾರಿಹೋಗುವ ಡ್ರಾಕುಲಾನನ್ನು ತೋಳಮನುಷ್ಯ ಹಾರಿ ಹಿಡಿದುಕೊಂಡು, ಮಹಡಿಯಿಂದ ಕೆಳಗಿನ ನೀರಿಗೆ ಬೀಳುತ್ತಾನೆ. ನಗಿಸುವ ಸಿನಿಮಾದಲ್ಲೂ ದೈತ್ಯರು ಸುಮ್ನೆ ಹಲ್ಲು ಕಿರಿಯುವುದಿಲ್ಲ. ತಮ್ಮ ಕೆಲಸವನ್ನು ಶ್ರದ್ಧೆಯಿಂದ ಮಾಡುತ್ತಾರೆ.

ಇನ್ನೊಂದರ ಹೆಸರು ಹೇಳಲೇಬೇಕು. ನಿರ್ದೇಶಕ ಆಲ್ ಆ್ಯಡಮ್ಸನ್ ಅವರ 1971ರ ‘ಡ್ರಾಕುಲಾ ವರ್ಸಸ್ ಫ್ರಾಂಕೆನ್‌ಸ್ಟೈನ್’. ಬೇರೆ ಏನೋ ಕಥೆಯಾಗಿ ಶುರುವಾದ ಸಿನಿಮಾಗೆ ಆಮೇಲೆ ದೈತ್ಯರನ್ನು ಸೇರಿಸಿದ್ದು. ಆ ಹೊಲಿಗೆ ಎದ್ದು ಕಾಣುತ್ತದೆ. ಕೊನೆಯ ಜಗಳ ಎಷ್ಟು ಕತ್ತಲಲ್ಲಿ ನಡೆಯುತ್ತದೆಂದರೆ ಯಾರ ಕೈ ಯಾರು ಕಿತ್ತರು ಅಂತ ಕಣ್ಣು ಕಿರಿದು ಮಾಡಿ ನೋಡಬೇಕು. ಆದರೂ ಅದರ ಪ್ರಯೋಗಾಲಯದಲ್ಲಿ ಕಿಡಿ ಹಾರಿಸುವ ಯಂತ್ರಗಳು ಕೆನೆತ್ ಸ್ಟ್ರಿಕ್‌ಫಾಡೆನ್ ಅವರವು. 1931ರ ದೈತ್ಯನಿಗೆ ಜೀವ ಕೊಟ್ಟದ್ದೂ ಅವರ ಯಂತ್ರಗಳೇ. ಗಾಲಿಕುರ್ಚಿಯಲ್ಲಿ ಕೂತ ವಿಜ್ಞಾನಿ ಜೆ. ಕ್ಯಾರಲ್ ನೇಶ್. 1944ರ ಆ ಗೂನುಬೆನ್ನಿನ ಸಹಾಯಕ ಇವರೇ. ಪಕ್ಕದಲ್ಲಿ, ಒಂದು ಮಾತೂ ಇಲ್ಲದ ಪಾತ್ರದಲ್ಲಿ, ಲಾನ್ ಚೇನಿ ಜೂನಿಯರ್. ಇಬ್ಬರೂ ಮುದುಕರಾಗಿದ್ದರು, ಕಾಯಿಲೆಯಿತ್ತು. ನೇಶ್ ಅವರಿಗೆ ಅದೇ ಕೊನೆಯ ಸಿನಿಮಾ.

ಹೊಸದಾಗಿ ನೋಡುವವರು 1943ರದ್ದನ್ನು ಮೊದಲು ನೋಡಿ, ಆಮೇಲೆ 1948ರದ್ದು. ಈ ದೈತ್ಯರ ಮೇಲೆ ಪ್ರೀತಿ ಹುಟ್ಟಿದರೆ ಆ್ಯಡಮ್ಸನ್ ಸಿನಿಮಾವನ್ನೂ ನೋಡಿ, ಆ ಇಬ್ಬರು ಮುದುಕರಿಗೋಸ್ಕರ. ನಮಸ್ಕಾರ.