ಈಕ್ವಲೈಜರ್ ಪ್ಲಗಿನ್: ಗುಂಡಿ ತಿರುಗಿಸುವ ಮೊದಲು ಗೆರೆ ಓದುವುದು

(ಪರದೆಯಲ್ಲಿ: ಒಂದೇ ಧ್ವನಿಯ ಟ್ರ್ಯಾಕ್, ಅದರ ಮೇಲೆ ತೆರೆದಿರುವ ಈಕ್ವಲೈಜರ್)

ನಮಸ್ಕಾರ. ಈಕ್ವಲೈಜರ್ ಎಂದರೆ ಧ್ವನಿಯ ಬೇರೆಬೇರೆ ಆವರ್ತನಗಳನ್ನು ಬೇರೆಬೇರೆಯಾಗಿ ಏರಿಸುವ, ಇಳಿಸುವ ಸಾಧನ. ಈ ಧ್ವನಿಯನ್ನು ಬೆಂಗಳೂರಿನ ಜಯನಗರದಲ್ಲಿ, ರಸ್ತೆಗೆ ಮುಖ ಮಾಡಿರುವ ಕೋಣೆಯೊಂದರಲ್ಲಿ, ಫ್ಯಾನ್ ನಿಲ್ಲಿಸಿ ಕಿಟಕಿ ಮುಚ್ಚಿ ರೆಕಾರ್ಡ್ ಮಾಡಿದ್ದೇನೆ. ಆದರೂ ಮಾತು ನಿಂತಾಗ ಅನಲೈಸರ್‌ನ, ಅಂದರೆ ಯಾವ ಆವರ್ತನ ಎಷ್ಟು ಜೋರಾಗಿದೆ ಎಂದು ತೋರಿಸುವ ಚಿತ್ರದ, ಗೆರೆ ಸುಮ್ಮನಿರುವುದಿಲ್ಲ.

(ಮಾತಿಲ್ಲದ ಐದು ಸೆಕೆಂಡ್, ಗೆರೆಯ ಎಡತುದಿಯನ್ನು ದೊಡ್ಡದಾಗಿ ತೋರಿಸುವುದು)

ಎಡದಿಂದ ಬಲಕ್ಕೆ 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗಿನ ಆವರ್ತನಗಳಿವೆ, ಕೆಳಗಿನಿಂದ ಮೇಲಕ್ಕೆ ಡೆಸಿಬಲ್‌ಗಳಿವೆ. 100ರಿಂದ 200ಕ್ಕೆ ಎಷ್ಟು ಜಾಗವಿದೆಯೋ 1,000ದಿಂದ 2,000ಕ್ಕೂ ಅಷ್ಟೇ ಜಾಗವಿದೆ. ಸಂಗೀತ ಕಲಿತವರು ಹೀಗೆ ಇಮ್ಮಡಿಯಾಗುವ ಪ್ರತಿ ಹೆಜ್ಜೆಯನ್ನೂ ಒಂದೊಂದು ಸ್ಥಾಯಿ ಎಂದು ಓದಿಕೊಳ್ಳಬಹುದು.

ಎಡತುದಿಯಲ್ಲಿ ದಿಬ್ಬದಂತೆ ಹರಡಿಕೊಂಡಿರುವುದು ಹೊರಗಿನ ವಾಹನಗಳ ಗುಡುಗುಡು. ಅದರ ನಡುವೆ 50 ಹರ್ಟ್ಸ್‌ನಲ್ಲಿ ಸೂಜಿಯಂತೆ ಎದ್ದಿರುವುದು ನಮ್ಮ ಕರೆಂಟಿನ ಹಮ್, ಅಂದರೆ ಗುಂಯ್‌ಗುಡುವ ಸದ್ದು. 100 ಮತ್ತು 150ರಲ್ಲಿಯೂ ಅದರ ಮರಿಗಳಿವೆ. ದಿಬ್ಬಕ್ಕೆ ಹೈಪಾಸ್ ಫಿಲ್ಟರ್, ಅಂದರೆ ಗೊತ್ತುಪಡಿಸಿದ ಆವರ್ತನಕ್ಕಿಂತ ಕೆಳಗಿನದನ್ನು ಕುಗ್ಗಿಸುವ ಫಿಲ್ಟರ್, ಸಾಕು. ಅದನ್ನು 80 ಹರ್ಟ್ಸ್‌ಗೆ, ಸ್ಥಾಯಿಗೆ 12 ಡೆಸಿಬಲ್ ಇಳಿಜಾರಿಗೆ ಇಟ್ಟರೆ 50ರ ಸೂಜಿಯೂ ಸುಮಾರು 9 ಡೆಸಿಬಲ್ ಕುಗ್ಗುತ್ತದೆ, ಆದರೆ ಮರಿಗಳು ಧ್ವನಿಯ ಒಳಗೇ ಕುಳಿತಿರುವುದರಿಂದ ಅವು ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತವೆ. ಅವಕ್ಕೆ ತೀರ ಕಿರಿದಾದ ನಾಚ್, ಅಂದರೆ ಆ ಒಂದೇ ಜಾಗವನ್ನು ಆಳವಾಗಿ ತಗ್ಗಿಸುವ ಕಚ್ಚು, ಹಾಕಬಹುದು. ಅದಕ್ಕಿಂತ ಮೊದಲು ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತು, ಕೇಬಲ್ ಬದಲಿಸಿ ನೋಡುವುದು ನನ್ನ ಮಟ್ಟಿಗೆ ಜಾಣತನ.

ಇದೇ 80ರ ಸೆಟ್ಟಿಂಗನ್ನು ತಂಬೂರಿಯ ಟ್ರ್ಯಾಕಿಗೆ ನಕಲು ಮಾಡಬೇಡಿ. ಸಿ ಶಾರ್ಪ್ ಶ್ರುತಿಯಲ್ಲಿ ಗಂಡುದನಿಯ ಷಡ್ಜ ಸುಮಾರು 138 ಹರ್ಟ್ಸ್, ಮಂದ್ರ ಷಡ್ಜದ ತಂತಿ ಅದರ ಅರ್ಧ, ಅಂದರೆ ಸುಮಾರು 69. ಆ ತಂತಿಯ ಬುಡವನ್ನೇ ನೀವು ಕೊಯ್ದಂತಾಗುತ್ತದೆ.

(ಒಂದು ಬೆಲ್ ಬ್ಯಾಂಡ್‌ನ ಬಿಂದುವನ್ನು ಎಳೆಯುವುದು)

ಪ್ರತಿ ಬ್ಯಾಂಡಿಗೆ, ಅಂದರೆ ಏರಿಸಲು ಇಳಿಸಲು ಆಯ್ದುಕೊಂಡ ಆವರ್ತನಗಳ ಪಟ್ಟಿಗೆ, ಮೂರು ಗುಂಡಿಗಳಿವೆ: ಎಲ್ಲಿ ಎಂಬುದಕ್ಕೆ ಫ್ರೀಕ್ವೆನ್ಸಿ, ಎಷ್ಟು ಎಂಬುದಕ್ಕೆ ಗೇನ್, ಎಷ್ಟು ಅಗಲ ಎಂಬುದಕ್ಕೆ ಕ್ಯೂ. ಕ್ಯೂ ಸಂಖ್ಯೆ ಏರಿದಷ್ಟೂ ಬ್ಯಾಂಡ್ ಕಿರಿದಾಗುತ್ತದೆ. ಬರಿಗೋಡೆಯ ಸಣ್ಣ ಕೋಣೆಯಲ್ಲಿ ಧ್ವನಿ ಡಬ್ಬಿಯೊಳಗಿನಿಂದ ಬಂದಂತೆ ಕೇಳಿದರೆ, ದೋಷ ಹೆಚ್ಚಾಗಿ 200ರಿಂದ 500ರ ನಡುವೆ ಇರುತ್ತದೆ. ಕಿರಿದಾದ ಬ್ಯಾಂಡನ್ನು 10 ಡೆಸಿಬಲ್ ಏರಿಸಿ ಅತ್ತಿತ್ತ ಓಡಿಸಿ ಕೆಟ್ಟ ಜಾಗ ಹುಡುಕುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಅಷ್ಟು ಏರಿಸಿದರೆ ಯಾವ ಜಾಗವೂ ಕೆಟ್ಟದಾಗಿಯೇ ಕೇಳುತ್ತದೆ. ಕ್ಯೂ 1.5ರ ಆಸುಪಾಸಿನಲ್ಲಿಟ್ಟು, 3 ಡೆಸಿಬಲ್ ಇಳಿಸಿ, ಕಣ್ಣು ಮುಚ್ಚಿ ಕೇಳಿ.

ಈಗ ‘ಸರಸ’ ಮತ್ತು ‘ಶಂಖ’ ಎಂಬ ಎರಡು ಪದಗಳನ್ನು ನೋಡಿ. ‘ಶ’ಕಾರದ ರಾಶಿ ಸುಮಾರು 3,000 ಹರ್ಟ್ಸ್‌ನಿಂದಲೇ ಏಳುತ್ತದೆ, ‘ಸ’ಕಾರದ್ದು 5,000 ದಾಟಿದ ಮೇಲೆ. ಚುಚ್ಚುವ ‘ಸ’ಕಾರಕ್ಕಾಗಿ 7,000ದಲ್ಲಿ ಕಾಯಂ ಆಗಿ ಇಳಿಸಿದರೆ ಉಳಿದೆಲ್ಲ ಅಕ್ಷರಗಳೂ ಮಂಕಾಗುವುದರಿಂದ, ಅಲ್ಲಿ ‘ಸ’ಕಾರ ಚುಚ್ಚಿದಾಗ ಮಾತ್ರ ಇಳಿಸುವ ಡೀ ಎಸ್ಸರ್ ಅಥವಾ ಡೈನಮಿಕ್ ಬ್ಯಾಂಡ್ ಬಳಸುವುದು ಮೇಲು.

(ಬಲಬದಿಯ ಔಟ್‌ಪುಟ್ ಮೀಟರ್)

ಕೊನೆಯದು ಔಟ್‌ಪುಟ್ ಮೀಟರ್. ಡಿಜಿಟಲ್‌ನಲ್ಲಿ ಸೊನ್ನೆ ಡೆಸಿಬಲ್ಲೇ ಛಾವಣಿ. ಏರಿಸಿದ ಪ್ರತಿ ಬ್ಯಾಂಡೂ ಧ್ವನಿಯನ್ನು ಅದರ ಹತ್ತಿರಕ್ಕೆ ಒಯ್ಯಬಲ್ಲದು. ಜೋರಾದದ್ದು ನಮ್ಮ ಕಿವಿಗೆ ಚೆನ್ನಾದದ್ದಾಗಿ ಕೇಳಿಬಿಡುತ್ತದೆ. ಆದ್ದರಿಂದ ಪ್ಲಗಿನ್ ಆನ್ ಇದ್ದಾಗಲೂ ಬೈಪಾಸ್ ಆದಾಗಲೂ, ಅಂದರೆ ಅದರ ಕೆಲಸ ಸೇರದ ಮೂಲ ಧ್ವನಿ ಕೇಳುವಾಗಲೂ, ಒಂದೇ ಮಟ್ಟದಲ್ಲಿ ಕೇಳುವಂತೆ ಔಟ್‌ಪುಟ್ ಗೇನನ್ನು ಸರಿಹೊಂದಿಸಿ, ಆಮೇಲೆ ಎರಡನ್ನೂ ಹೋಲಿಸಿ. ನನ್ನ ಧ್ವನಿಯ ಎರಡೂ ರೂಪಗಳನ್ನು ಈಗ ಹಾಗೆಯೇ ಕೇಳಿಸುತ್ತೇನೆ. ಯಾವುದು ಯಾವುದೆಂದು ಪರದೆಯಲ್ಲಿ ಬರೆದಿಲ್ಲ.

(ಪರದೆ ಕಪ್ಪಾಗುವುದು, ಎರಡು ತುಣುಕುಗಳು ಒಂದರ ಹಿಂದೊಂದು)