ಏಳನೆಯವನ ದನಿ

ಕೇಳುಗರಿಗೆ ನಮಸ್ಕಾರ.

ಹಾದಿ ತಪ್ಪಿದರೆಂದು ಮನೆಯವರೇ ಕಳುಹಿಸಿದ ಹದಿಹರೆಯದವರ ಶಿಬಿರ, ಸುತ್ತ ಕಾಡು, ಮುಂದೆ ಸರೋವರ, ಅದರೊಳಗೆ ಏನೋ ಒಂದು. ಕತೆ ಹಳೆಯದೇ. ಆದರೆ ಬಾನುಲಿ ನಾಟಕಕ್ಕೆ ಹೇಳಿ ಮಾಡಿಸಿದಂತಿದೆ, ಏಕೆಂದರೆ ಇಲ್ಲಿ ಪ್ರಾಣಿಯನ್ನು ತೋರಿಸಬೇಕಾದ ಗೋಜಿಲ್ಲ. ಅರ್ಧ ಗಂಟೆಯ ಇಂಥ ನಾಟಕ ಬರೆಯಲು ಕೂತವರಿಗೆ ಎಲ್ಲೆಲ್ಲಿ ಕೈ ಜಾರುತ್ತದೆ ಎನ್ನುವುದು ಇವತ್ತಿನ ಮಾತು.

ಹೆಚ್ಚಿನವರು ಶುರುಮಾಡುವುದೇ ಪ್ರಾಣಿಯಿಂದ. ಎಷ್ಟು ಉದ್ದ, ಎಷ್ಟು ಹಲ್ಲು, ಕಣ್ಣು ಯಾವ ಬಣ್ಣ. ಅದೆಲ್ಲ ಆಮೇಲೆ. ಮೊದಲು ಶಿಬಿರದ ದಿನಚರಿ ಬರೆದುಕೊಳ್ಳಿ. ಅಮೆರಿಕದಲ್ಲಿ ನಡೆದುಬಂದ ಇಂಥ ಶಿಬಿರಗಳ ಕಟ್ಟುಪಾಡುಗಳು ಯಾವ ಕಲ್ಪನೆಗೂ ಕಡಿಮೆಯಿಲ್ಲ. ಬಂದ ದಿನವೇ ಫೋನು, ಗಡಿಯಾರ ಕಸಿದುಕೊಳ್ಳುತ್ತಾರೆ. ಮನೆಗೆ ಬರೆದ ಕಾಗದವನ್ನು ಸಿಬ್ಬಂದಿ ಓದುತ್ತಾರೆ. ಓಡಿಹೋಗದಿರಲೆಂದು ರಾತ್ರಿ ಬೂಟುಗಳನ್ನು ಒಯ್ದು ಬೇರೆಡೆ ಇಡುತ್ತಾರೆ. ಹೊಸದಾಗಿ ಬಂದವನನ್ನು ಟಾರ್ಪಾಲಿನಲ್ಲಿ ಮಲಗಿಸಿ, ಅದರ ಅಂಚಿನ ಮೇಲೆ ಸಿಬ್ಬಂದಿ ಮಲಗುವುದೂ ಉಂಟು. ಮಗ್ಗುಲು ಬದಲಿಸಿದರೂ ಸದ್ದಾಗುತ್ತದೆ. ಶೌಚಕ್ಕೆ ಮರೆಗೆ ಹೋದವನು ತನ್ನ ಹೆಸರನ್ನೋ ಸಂಖ್ಯೆಯನ್ನೋ ನಿಲ್ಲಿಸದೆ ಕೂಗುತ್ತಿರಬೇಕು. ಕೂಗು ನಿಂತರೆ ಓಡಿದ್ದಾನೆ ಎಂದರ್ಥ. ಈ ಕೊನೆಯ ನಿಯಮವನ್ನು ನೆನಪಿಟ್ಟುಕೊಳ್ಳಿ.

ಇನ್ನೊಂದು ಮಾತು. 2007ರ ಅಕ್ಟೋಬರ್‌ನಲ್ಲಿ ಅಮೆರಿಕ ಸರ್ಕಾರದ ಉತ್ತರದಾಯಿತ್ವ ಕಚೇರಿ, ಇಂಥ ಕಾರ್ಯಕ್ರಮಗಳಲ್ಲಿ ಪ್ರಾಣಬಿಟ್ಟ 10 ಹದಿಹರೆಯದವರ ಪ್ರಕರಣಗಳನ್ನು ಪರಿಶೀಲಿಸಿ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಮುಂದಿಟ್ಟಿತು. ನೀರಡಿಕೆಯಿಂದ, ಬಿಸಿಲಿನ ತಾಪದಿಂದ ಕುಸಿಯುತ್ತಿದ್ದವರನ್ನು ನಾಟಕ ಮಾಡುತ್ತಿದ್ದಾರೆಂದು ಸಿಬ್ಬಂದಿ ತಳ್ಳಿಹಾಕಿದ ಸಂಗತಿಗಳು ಅದರಲ್ಲಿವೆ. ನಿಮ್ಮ ಕತೆಯ ಬೇರು ಇರುವುದು ಇಲ್ಲಿ. ನೀರಿನಲ್ಲಿ ಏನೋ ಇದೆ ಎಂದು ಹುಡುಗ ಹೇಳುತ್ತಾನೆ. ಕೇಳುವವನ ಕಡತದಲ್ಲಿ ಆ ಹುಡುಗನ ಹೆಸರಿನ ಮುಂದೆ ‘ಸುಳ್ಳು ಹೇಳುತ್ತಾನೆ’ ಎಂದು ಮೊದಲೇ ಬರೆದಿದೆ. ಮೇಲ್ವಿಚಾರಕನನ್ನು ಖಳನಾಯಕ ಮಾಡಬೇಡಿ, ದಯವಿಟ್ಟು. ದಿನಕ್ಕೆ ಹತ್ತು ಸುಳ್ಳು ಕೇಳಿ ದಣಿದವನು ಸಾಕು.

ಈಗ ಸರೋವರ. ಹಿಮಗಡ್ಡೆ ಕೊರೆದ, ಉದ್ದಕ್ಕೆ ಚಾಚಿದ, ಆಳವಾದ ಸರೋವರ ಇರಲಿ. ದೈತ್ಯ ಪ್ರಾಣಿಯ ಕತೆಗೆ ಹೆಸರಾದ ಸ್ಕಾಟ್ಲೆಂಡಿನ ನೆಸ್ ಸರೋವರ ಈ ಜಾತಿಯದು: ಉದ್ದ ಸುಮಾರು 37 ಕಿಲೋಮೀಟರ್, ಆಳ 230 ಮೀಟರ್, ಕೊಳೆತ ಸಸ್ಯಮಣ್ಣು ಕರಗಿ ಚಹಾ ಬಣ್ಣಕ್ಕೆ ತಿರುಗಿದ ನೀರು. ಅಂಥ ಕಡೆ ದೋಣಿಯೊಂದು ಹಾದು ಕಣ್ಮರೆಯಾದ ಎಷ್ಟೋ ಹೊತ್ತಿನ ಮೇಲೆ ಅದರ ಅಲೆಗಳು ದಡಕ್ಕೆ ಬಡಿದು ಹಿಂದಿರುಗಿ, ಒಂದರ ಮೇಲೊಂದು ಏರಿ, ನಿಶ್ಚಲ ನೀರಿನಲ್ಲಿ ಸಾಲು ಗೂನುಗಳಂತೆ ಕಾಣುತ್ತವೆ. ಗಾಳಿ ನಿಂತ ಮೇಲೂ ಒಳಗಿನ ತಣ್ಣೀರಿನ ಪದರ ತೊಟ್ಟಿಲಿನಂತೆ ತೂಗುತ್ತಿರುತ್ತದೆ. ಆಗ ಮೇಲಿನ ನೀರು ಗಾಳಿ ಬೀಸಿದ ದಿಕ್ಕಿಗೆ ಎದುರಾಗಿ ಹರಿದು, ತೇಲುವ ದಿಮ್ಮಿ ತಾನಾಗಿ ಈಜುತ್ತಿದೆ ಎನಿಸುತ್ತದೆ. ಇವನ್ನೆಲ್ಲ ಮೇಲ್ವಿಚಾರಕನ ಬಾಯಿಗೆ ಹಾಕಿ. ಅವನ ವಿವರಣೆ ಪ್ರತಿಸಲವೂ ಸರಿಯಾಗಿಯೇ ಇರಬೇಕು, ಒಂದು ಸಲ ಬಿಟ್ಟು.

ಯಾರನ್ನಾದರೂ ನೀರಿಗೆ ಬೀಳಿಸುವುದಿದ್ದರೆ ಕಿರುಚಿಸಬೇಡಿ. ಬಹುತೇಕ ನಾಟಕಗಳಲ್ಲಿ ಆಗುವ ತಪ್ಪು ಇದು. 10 ಡಿಗ್ರಿಯ ನೀರಿಗೆ ಬಿದ್ದವನ ಬಾಯಿಂದ ಬರುವುದು ಕೂಗಲ್ಲ, ಎಳೆದುಕೊಂಡ ಉಸಿರು. ಮೊದಲ 1 ನಿಮಿಷ ಉಸಿರು ಹಿಡಿತಕ್ಕೆ ಬಾರದು. ಸುಮಾರು 10 ನಿಮಿಷ ಕೈಕಾಲು ಕೆಲಸಕ್ಕೆ ಬಂದಾವು. ಮುಳುಗದೆ ತೇಲಿಕೊಂಡಿದ್ದರೆ ಪ್ರಜ್ಞೆ ತಪ್ಪಲು 1 ಗಂಟೆಯಾದರೂ ಬೇಕು. ಆಳದ ತಣ್ಣೀರಿನಲ್ಲಿ ಶವ ಕೊಳೆತು ಉಬ್ಬುವುದೂ ನಿಧಾನ, ಹಾಗಾಗಿ ಕೆಲವೊಮ್ಮೆ ಅದು ಮೇಲೆ ಬರುವುದೇ ಇಲ್ಲ. ಪ್ರಾಣಿ ತಿಂದಿತೋ, ನೀರೇ ಇಟ್ಟುಕೊಂಡಿತೋ, ಯಾರೂ ಹೇಳಲಾರರು. ಬರೆಯುವವನಿಗೆ ಇದಕ್ಕಿಂತ ಅನುಕೂಲ ಏನು ಬೇಕು?

ಪ್ರಾಣಿಯ ವಿಷಯಕ್ಕೆ ಬಂದರೆ, ಡೈನೋಸಾರ್ ಕಾಲದಿಂದ ಉಳಿದುಬಂದದ್ದು ಎನ್ನಬೇಡಿ. ಅವು ಅಳಿದು 6.6 ಕೋಟಿ ವರ್ಷವಾಯಿತು. ಇಂಥ ಸರೋವರಗಳು ಹಿಮದಿಂದ ಬಿಡಿಸಿಕೊಂಡು ಹೆಚ್ಚೆಂದರೆ ಹತ್ತಿಪ್ಪತ್ತು ಸಾವಿರ ವರ್ಷ. ಊಟದ ಲೆಕ್ಕವೂ ಇದೆ. ಸರೋವರದಲ್ಲಿ 20 ಟನ್ ಮೀನಿದ್ದರೆ, ಅದನ್ನು ತಿಂದು ಬದುಕುವವುಗಳ ಒಟ್ಟು ತೂಕ, ಹತ್ತಕ್ಕೊಂದರ ಅಂದಾಜಿನಲ್ಲಿ, 2 ಟನ್. ಒಂದೇ ಪ್ರಾಣಿ ಸಾವಿರಾರು ವರ್ಷ ಬಾಳದು, ಕುಲವೇ ಇರಬೇಕು. ಅಂದಮೇಲೆ ಬೆಟ್ಟದಂಥ ಜೀವಿಗೆ ಅಲ್ಲಿ ಅನ್ನವಿಲ್ಲ. 2018ರಲ್ಲಿ ನ್ಯೂಜಿಲೆಂಡಿನ ವಿಜ್ಞಾನಿ ನೀಲ್ ಗೆಮ್ಮೆಲ್ ಅವರ ತಂಡ ನೆಸ್ ಸರೋವರದ ನೀರಿನಲ್ಲಿ ಜೀವಿಗಳ ಮೈಯಿಂದ ಉದುರಿದ ಡಿಎನ್‌ಎ ಹುಡುಕಿದಾಗ ಸರೀಸೃಪದ ಸುಳಿವು ಸಿಗಲಿಲ್ಲ. ಹಾವುಮೀನಿನ ಡಿಎನ್‌ಎ ಮಾತ್ರ ಎಲ್ಲೆಲ್ಲೂ ಸಿಕ್ಕಿತು. ನೀವೂ ಹಾವುಮೀನಿನ ಜಾಡನ್ನೇ ಹಿಡಿಯಿರಿ. ಕಿವಿರಿನಿಂದ ಉಸಿರಾಡುವುದರಿಂದ ಮೇಲೆ ಬರಬೇಕಿಲ್ಲ. ಒದ್ದೆ ನೆಲದ ಮೇಲೆ ಸ್ವಲ್ಪ ದೂರ ತೆವಳಲೂ ಬಲ್ಲದು.

ಮೊದಲ ಹತ್ತು ನಿಮಿಷದಲ್ಲಿ ಒಂದು ಹುಸಿ ಹೆದರಿಕೆ ಬೇಕೇ ಬೇಕು. ಅದನ್ನು ಮಾಡುವವರು ಹುಡುಗರೇ. 1904ರಲ್ಲಿ ನ್ಯೂಯಾರ್ಕ್ ರಾಜ್ಯದ ಜಾರ್ಜ್ ಸರೋವರದಲ್ಲಿ ಹ್ಯಾರಿ ವಾಟ್ರಸ್ ಎಂಬ ಚಿತ್ರಕಾರ ಸೀಡರ್ ದಿಮ್ಮಿಯ ತುದಿಗೆ ತಲೆ ಕೆತ್ತಿ, ತಂತಿಕಂಬದ ಗಾಜಿನ ಇನ್ಸುಲೇಟರ್‌ಗಳನ್ನು ಕಣ್ಣಾಗಿ ಕೂರಿಸಿ, ದಡದಿಂದ ಹಗ್ಗದಲ್ಲಿ ಆಡಿಸಿ ಜನರನ್ನು ಬೆಚ್ಚಿಬೀಳಿಸಿದ್ದ. ತಂತ್ರ ಸರಳ: ತಳದ ಕಲ್ಲಿಗೆ ರಾಟೆ ಕಟ್ಟಿ, ಅದರ ಮೂಲಕ ಹಗ್ಗ ಹಾಯಿಸಿ ದಿಮ್ಮಿಯನ್ನು ಕೆಳಗೆಳೆದು ಹಿಡಿಯುವುದು, ಬಿಟ್ಟಾಗ ಅದು ಚಿಮ್ಮುವುದು. ಲೆಕ್ಕ ಮಾತ್ರ ತಪ್ಪಬಾರದು. 3 ಮೀಟರ್ ಉದ್ದ, 20 ಸೆಂಟಿಮೀಟರ್ ದಪ್ಪದ ಹಗುರ ಮರ ಪೂರ್ತಿ ಮುಳುಗಿದರೆ 50 ಕಿಲೋಗೂ ಮಿಕ್ಕಿ ಮೇಲಕ್ಕೆ ಜಗ್ಗುತ್ತದೆ. ಕಲ್ಲೋ ನೀರಿನಲ್ಲಿ ತನ್ನ ತೂಕದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಕಳೆದುಕೊಳ್ಳುತ್ತದೆ. ಆದ್ದರಿಂದ 100 ಕಿಲೋಗಿಂತ ಕಡಿಮೆಯ ಕಲ್ಲಿಟ್ಟರೆ ದಿಮ್ಮಿ ಕಲ್ಲನ್ನೇ ಎತ್ತಿಕೊಂಡು ಮೇಲೆ ಬಂದೀತು. ನಾಲ್ಕು ಜನ ತೆಪ್ಪದಲ್ಲಿ ಸಾಗಿಸಿ ಮುಳುಗಿಸಿದ ಕಲ್ಲು ಎಂದು ಕೇಳುಗರಿಗೆ ಮೊದಲೇ ತಿಳಿದಿರಲಿ. ಹುಡುಗರು ಸಿಕ್ಕಿಬೀಳುತ್ತಾರೆ, ಶಿಕ್ಷೆಯಾಗುತ್ತದೆ. ಮರುದಿನ ಬೆಳಗ್ಗೆ ದಿಮ್ಮಿ ದಡದಲ್ಲಿ ಬಿದ್ದಿದೆ. ಪಕ್ಕದಲ್ಲಿ ಕಲ್ಲೂ ಇದೆ, ಇನ್ನೂ ನೀರು ಸೋರುತ್ತಾ.

ಸದ್ದಿನ ಕೆಲಸದಲ್ಲಿ ಒಂದು ದೊಡ್ಡ ಹಳ್ಳವಿದೆ. ಸ್ಟುಡಿಯೋದ ದೊಡ್ಡ ಸ್ಪೀಕರಿನಲ್ಲಿ ಎದೆ ನಡುಗಿಸುವ ಗುಡುಗಾಟ ಕೇಳಿ ಹಿಗ್ಗುತ್ತೇವೆ. ಮನೆಯ ಪುಟ್ಟ ರೇಡಿಯೋ, ಮೊಬೈಲುಗಳು 200 ಹರ್ಟ್ಸ್‌ಗಿಂತ, ಅಂದರೆ ಸೆಕೆಂಡಿಗೆ 200 ಕಂಪನಕ್ಕಿಂತ, ಕೆಳಗಿನ ಸದ್ದನ್ನು ಹೆಚ್ಚುಕಡಿಮೆ ನುಂಗಿಬಿಡುತ್ತವೆ. ನಿಮ್ಮ ಪ್ರಾಣಿ ಅಲ್ಲಿ ಮೂಕ. ಅದರ ಸದ್ದು 300ರಿಂದ 3,000 ಹರ್ಟ್ಸ್ ನಡುವೆ ಇರಲಿ: ಒದ್ದೆ ಚರ್ಮ ಕಲ್ಲಿಗೆ ಉಜ್ಜಿದ್ದು, ಜಲ್ಲಿ ಮೆಲ್ಲಗೆ ಸರಿದದ್ದು. ಗರ್ಜನೆ ಬೇಡವೇ ಬೇಡ. ಮೀನು ಗರ್ಜಿಸುವುದಿಲ್ಲ.

ಇನ್ನು ಆ ಕೂಗು. ಸರೋವರದಾಚೆ 170 ಮೀಟರ್ ದೂರಕ್ಕೆ ಕಡಿದಾದ ಬಂಡೆಯೊಂದನ್ನು ನಿಲ್ಲಿಸಿ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುವುದರಿಂದ ಮಾರ್ದನಿ ಸರಿಯಾಗಿ 1 ಸೆಕೆಂಡಿಗೆ ವಾಪಸು. ಹುಡುಗನ ಸಂಖ್ಯೆ ಏಳು. ಅವನು ಮರೆಯಲ್ಲಿ ಕೂತು ಕೂಗುತ್ತಾನೆ: ಏಳು. ಒಂದು ಸೆಕೆಂಡಿಗೆ ಅತ್ತಲಿಂದ: ಏಳು. ನಮ್ಮ ಭಾಷೆಯಲ್ಲಿ ಅದು ಎಣಿಕೆಯೂ ಹೌದು, ಮಲಗಿದ್ದನ್ನು ಎಬ್ಬಿಸುವ ಮಾತೂ ಹೌದು. ರಾತ್ರಿಯೆಲ್ಲ ಅವನು ನೀರಿಗೆ ಹೇಳುತ್ತಿರುವುದು ಅದನ್ನೇ. ಈ ಅರ್ಥವನ್ನು ಯಾವ ಪಾತ್ರದಿಂದಲೂ ಬಿಡಿಸಿ ಹೇಳಿಸಬೇಡಿ, ಕೆಟ್ಟಿತು.

ಮೊದಲ ಎರಡು ರಾತ್ರಿ ಮಾರ್ದನಿ ನಿಯತ್ತಾಗಿ ಬರಲಿ, ಕಿವಿಗೆ ರೂಢಿಯಾಗಲಿ. ಮೂರನೆಯ ರಾತ್ರಿ ಸಂಕಲನದ ಮೇಜಿನಲ್ಲಿ ಅಂತರವನ್ನು ಕತ್ತರಿಸುತ್ತಾ ಬನ್ನಿ: 1 ಸೆಕೆಂಡು, ಮುಕ್ಕಾಲು, ಅರ್ಧ, ಕಾಲು. ಬೆಂಕಿಯ ಬಳಿ ಸಿಬ್ಬಂದಿ ಏನೋ ಹರಟುತ್ತಿರಲಿ. ಕೂಗು ನಿಂತಿಲ್ಲವಲ್ಲ, ಅವರಿಗೆ ನೆಮ್ಮದಿ. ಅಂತರ ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತ ಕಿರಿದಾದರೆ, ಅಂದರೆ ಮರುದನಿ 17 ಮೀಟರಿಗಿಂತ ಹತ್ತಿರದಿಂದ ಬಂದರೆ, ಕಿವಿ ಎರಡನ್ನೂ ಬಿಡಿಸಲಾರದು. ಆಗ ಕೇಳುವುದು ಒಂದೇ ದನಿ.

ಅದೇ ದನಿ, ಅದೇ ಲಯ, ಇನ್ನೂ ಮೂರು ಸಲ ಕೂಗಲಿ. ನಾಲ್ಕನೆಯದಕ್ಕೆ ಹುಡುಗ ಹಿಂದಿನಿಂದ ಬಂದು ಬೆಂಕಿಯ ಬಳಿ ಕೂರಲಿ, ಬೂಟು ಕಳಚಿಡುವ ಸದ್ದು ಕೇಳಲಿ. ಕತ್ತಲಲ್ಲಿ ಕೂಗು ನಡೆದೇ ಇರುತ್ತದೆ.

ನಮಸ್ಕಾರ.