ಕಾರ್ಡ್ ಅದೇ, ಹೆಸರು ಬೇರೆ: ಲಿನಕ್ಸ್‌ನಲ್ಲಿ ನೆಟ್‌ವರ್ಕ್ ಇಂಟರ್‌ಫೇಸ್‌ಗಳ ಹೆಸರಿನ ತೊಡಕು

ಧಾರವಾಡದ ಈ ಸಭೆಯಲ್ಲಿ ಸೇರಿರುವ ಹಿರಿಯರೇ, ಹುಬ್ಬಳ್ಳಿ, ಗದಗಿನಿಂದ ಬಂದಿರುವ ಗೆಳೆಯರೇ,

ಅಮರಗೋಳದ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಯ ಸರ್ವರ್‌ನಿಂದಲೇ ಮಾತು ಆರಂಭಿಸುತ್ತೇನೆ. ಅದರ ಮದರ್‌ಬೋರ್ಡಿನಲ್ಲೇ ಇದ್ದ ನೆಟ್‌ವರ್ಕ್ ಪೋರ್ಟ್ ಇಂಟರ್‌ನೆಟ್ಟಿಗೆ, ಪ್ರತ್ಯೇಕವಾಗಿ ಕೂರಿಸಿದ ಕಾರ್ಡ್ ಒಳಗಿನ ಬಿಲ್ಲಿಂಗ್ ಕಂಪ್ಯೂಟರುಗಳಿಗೆ. ಜಾಗ ಸಾಲದೆಂದು ಒಂದು ಸಂಜೆ ಅದಕ್ಕೆ ಎನ್‌ವಿಎಂಇ ಡಿಸ್ಕ್ (ಪಿಸಿಐ ಬಸ್ಸಿಗೇ ಜೋಡಿಸುವ ವೇಗದ ಡಿಸ್ಕ್) ಕೂರಿಸಿ, ಯಂತ್ರ ಚಾಲೂ ಆದದ್ದನ್ನಷ್ಟೇ ನೋಡಿ ಮನೆಗೆ ಬಂದೆ. ಮರುದಿನ ಸವಾಲು ಶುರುವಾಗುವ ಹೊತ್ತಿಗೆ ಒಂದು ಬಿಲ್ಲೂ ಹೊರಡಲಿಲ್ಲ.

ಕೇಬಲ್ ಬದಲಿಸಿದೆ, ಸ್ವಿಚ್ಚಿನ ಪೋರ್ಟ್ ಬದಲಿಸಿದೆ. ಅರ್ಧ ಗಂಟೆ ವ್ಯರ್ಥವಾಯಿತು. ಕೊನೆಗೆ ನೆಟ್‌ವರ್ಕ್ ಇಂಟರ್‌ಫೇಸ್‌ಗಳ ಪಟ್ಟಿ ತೋರಿಸುವ ‘ಐಪಿ ಲಿಂಕ್’ ಕಮಾಂಡ್ ಕೊಟ್ಟಾಗ, ನಿನ್ನೆಯವರೆಗೆ ಇಎನ್‌ಪಿ3ಎಸ್0 ಎಂದಿದ್ದ ಕಾರ್ಡ್ ಇಂದು ಇಎನ್‌ಪಿ4ಎಸ್0 ಆಗಿತ್ತು. ಕಾರ್ಡಿಗೆ ತಯಾರಕರೇ ಕೊಟ್ಟ ಮ್ಯಾಕ್ ವಿಳಾಸ ಅದೇ, ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ಐಪಿ ವಿಳಾಸ ಮಾತ್ರ ಇಲ್ಲ. ಏಕೆಂದರೆ ಕಾನ್ಫಿಗರೇಶನ್ ಫೈಲು ಇನ್ನೂ ಹಳೆಯ ಹೆಸರನ್ನೇ ಹುಡುಕುತ್ತಿತ್ತು. ಇಎನ್‌ಒ1 ಎಂಬ ಬೋರ್ಡಿನ ಪೋರ್ಟಿಗೆ ಏನೂ ಆಗಿರಲಿಲ್ಲ.

ಈ ವ್ಯತ್ಯಾಸದಲ್ಲೇ ಇಡೀ ವಿಷಯ ಅಡಗಿದೆ. ಮೊದಲು ಲಿನಕ್ಸ್‌ನ ತಿರುಳಾದ ಕರ್ನಲ್ ತಾನು ಕಂಡ ಕ್ರಮದಲ್ಲಿ ಈಥ್0, ಈಥ್1 ಎಂದು ಹೆಸರಿಡುತ್ತಿತ್ತು. ಎರಡು ಕಾರ್ಡುಗಳಿದ್ದರೆ ಒಮ್ಮೊಮ್ಮೆ ಅವು ಅದಲುಬದಲಾಗುತ್ತಿದ್ದವು. ಯಂತ್ರ ಚಾಲೂ ಆಗುವಾಗ ಸೇವೆಗಳನ್ನು ನಡೆಸುವ ತಂತ್ರಾಂಶ ಸಿಸ್ಟಮ್‌ಡಿ; 2013ರಲ್ಲಿ ಬಂದ ಅದರ 197ನೇ ಆವೃತ್ತಿಯಿಂದ, ಕಾರ್ಡ್ ಎಲ್ಲಿ ಕೂತಿದೆಯೋ ಆ ಜಾಗದಿಂದ ಹೆಸರು ಹುಟ್ಟತೊಡಗಿತು. ಬೋರ್ಡಿನ ಪೋರ್ಟಿಗೆ ಫರ್ಮ್‌ವೇರ್ (ಬೋರ್ಡಿನಲ್ಲೇ ಇರುವ ತಂತ್ರಾಂಶ) ಕೊಟ್ಟ ಸಂಖ್ಯೆ ಇದ್ದರೆ ಅದಕ್ಕೆ ಮೊದಲ ಆದ್ಯತೆ, ನಂತರ ಸ್ಲಾಟ್ ಸಂಖ್ಯೆ, ಅದೂ ಇಲ್ಲದಿದ್ದರೆ ಕಾರ್ಡುಗಳನ್ನು ಯಂತ್ರಕ್ಕೆ ಜೋಡಿಸುವ ಪಿಸಿಐ ಬಸ್ಸಿನ ದಾರಿ. ಇಎನ್‌ಪಿ3ಎಸ್0ದಲ್ಲಿರುವ 3 ಆ ಬಸ್ಸಿನ ಸಂಖ್ಯೆ. ಹೊಸ ಡಿಸ್ಕ್ ಬಂದು ಬಸ್ ಸಂಖ್ಯೆ ಒಂದು ಮನೆ ಮುಂದೆ ಸರಿದಾಗ 3 ಹೋಗಿ 4 ಆಯಿತು. ಇದನ್ನು ಪಿಸಿಐ ಸಾಧನಗಳ ಪಟ್ಟಿ ಕೊಡುವ ‘ಎಲ್‌ಎಸ್‌ಪಿಸಿಐ’ ಕಮಾಂಡ್ ಜೊತೆ ತಾಳೆ ನೋಡುವವರು ಒಂದು ಸಂಗತಿ ನೆನಪಿಡಬೇಕು: ಅದು ಬಸ್ ಸಂಖ್ಯೆಯನ್ನು ಹದಿನಾರರ ಪದ್ಧತಿಯಲ್ಲಿ ತೋರಿಸುತ್ತದೆ, ಹೆಸರಿನಲ್ಲಿರುವುದು ಹತ್ತರ ಪದ್ಧತಿ, ಅಲ್ಲಿಯ 0ಎ ಇಲ್ಲಿ 10.

ಬೂಟ್ ಸಾಲಿನಲ್ಲಿ ‘ನೆಟ್.ಇಫ್‌ನೇಮ್ಸ್=0’ ಎಂದು ಬರೆದು ಈಥ್0ಕ್ಕೆ ಮರಳಿರಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಒಂದೇ ಕಾರ್ಡ್ ಇರುವ ಯಂತ್ರಕ್ಕೆ ಅದು ನಡೆದೀತು. ಎರಡಿದ್ದರೆ ಹಳೆಯ ರೋಗವನ್ನೇ ಮರಳಿ ಕರೆದಂತೆ, ನಾನಂತೂ ಒಪ್ಪುವುದಿಲ್ಲ.

ನಾನು ಮಾಡಿದ್ದು ಇಷ್ಟು. ಇಟಿಸಿ ಒಳಗಿನ ಸಿಸ್ಟಮ್‌ಡಿ, ಅದರೊಳಗಿನ ನೆಟ್‌ವರ್ಕ್ ಫೋಲ್ಡರಿನಲ್ಲಿ ‘10’ರಿಂದ ಶುರುವಾಗಿ ‘.ಲಿಂಕ್’ ಎಂದು ಮುಗಿಯುವ ಒಂದು ಫೈಲ್ ಬರೆದೆ. ‘ಮ್ಯಾಚ್’ ಭಾಗದಲ್ಲಿ ಕಾರ್ಡಿನ ಕಾಯಂ ಮ್ಯಾಕ್ ವಿಳಾಸ, ‘ಲಿಂಕ್’ ಭಾಗದಲ್ಲಿ ‘ಒಳಗೆ0’ ಎಂಬ ಅರ್ಥ ಬರುವಂತೆ ‘ಲ್ಯಾನ್0’ ಎಂಬ ಹೆಸರು. ಹೊಂದುವ ಮೊದಲ ಫೈಲು ಮಾತ್ರ ಜಾರಿಯಾಗುವುದರಿಂದ, ಸಿಸ್ಟಮ್‌ಡಿ ಜೊತೆಗೇ ಬರುವ, 99ರಿಂದ ಶುರುವಾಗುವ ಮೂಲ ಫೈಲಿಗಿಂತ ಇದು ಮುಂದಿರಬೇಕು. ಕಾರ್ಡಿನ ಮೇಲೆ ತಂತ್ರಾಂಶದಿಂದ ಕಟ್ಟುವ ಬ್ರಿಡ್ಜ್, ವಿಲ್ಯಾನ್ ಎಂಬ ಇಂಟರ್‌ಫೇಸ್‌ಗಳು ಕಾರ್ಡಿನ ಮ್ಯಾಕ್ ವಿಳಾಸವನ್ನೇ ಹೊತ್ತುಕೊಳ್ಳುತ್ತವೆ, ಆದ್ದರಿಂದ ‘ಪರ್ಮನೆಂಟ್ ಮ್ಯಾಕ್ ಅಡ್ರೆಸ್’ ಎಂಬ ಕೀಲಿಯನ್ನೇ ಬಳಸಿದೆ. ಹೆಸರು 15 ಅಕ್ಷರ ಮೀರಕೂಡದು. ಈಥ್0 ಎಂಬುದನ್ನಂತೂ ಆರಿಸಲೇಬಾರದು, ಕರ್ನಲ್ ಅದನ್ನು ಅದೇ ಹೊತ್ತಿಗೆ ಬೇರೆ ಕಾರ್ಡಿಗೆ ಕೊಟ್ಟಿದ್ದರೆ ಎರಡೂ ತಿಕ್ಕಾಡುತ್ತವೆ.

ಇಷ್ಟಾದರೂ ಮೊದಲ ಬೂಟ್‌ನಲ್ಲಿ ಹೆಸರು ಬದಲಾಗಲಿಲ್ಲ. ಉಬುಂಟುವಿನಲ್ಲಿ ಈ ಫೈಲಿನ ಪ್ರತಿ, ಬೂಟ್‌ನ ಆರಂಭದಲ್ಲಿ ಮೆಮೊರಿಗೆ ಬರುವ ಇನಿಟ್‌ರಾಮ್‌ಎಫ್‌ಎಸ್ ಎಂಬ ಪುಟ್ಟ ಫೈಲ್ ವ್ಯವಸ್ಥೆಯ ಒಳಗೂ ಇರಬೇಕು. ಅಲ್ಲಿ ಹಳೆಯ ನಿಯಮವೇ ಮೊದಲು ಓಡಿ ಹೆಸರು ಇಟ್ಟುಬಿಟ್ಟಿತ್ತು. ‘ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು’ ಓಡಿಸಿ, ಕಾನ್ಫಿಗರೇಶನ್ನಿನಲ್ಲೂ ಹೊಸ ಹೆಸರು ಬರೆದು ಮತ್ತೆ ಬೂಟ್ ಮಾಡಿದೆ. ಯಾವ ಲಿಂಕ್ ಫೈಲು ಜಾರಿಯಾಗಿದೆ ಎಂಬುದನ್ನು ‘ಯುಡೆವ್‌ಎಡಿಎಂ ಇನ್ಫೋ’ ಕಮಾಂಡ್ ಹೇಳುತ್ತದೆ. ನನ್ನ 10ನೇ ಫೈಲಿನ ಹೆಸರೇ ಅಲ್ಲಿ ಕಂಡಿತು, ಬಿಲ್ಲುಗಳು ಹೊರಟವು. ಕಾರ್ಡ್ ಕೆಟ್ಟು ಹೊಸದು ಹಾಕುವ ದಿನ ಮ್ಯಾಕ್ ವಿಳಾಸವೂ ಬದಲಾಗುತ್ತದೆಯಾದ್ದರಿಂದ, ಆ ವಿಳಾಸ ಮತ್ತು ಫೈಲಿನ ದಾರಿ ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಸರ್ವರಿನ ಬದಿಗೆ ಅಂಟಿಸಿ ಬಂದಿದ್ದೇನೆ.